ಎರಡೂವರೆ ಕಿಲೋಮೀಟರ್ ನೀರಿನ ಕೆಳಗಿಂದ ಎಣ್ಣೆ

ಮೆಕ್ಸಿಕೊ ಕೊಲ್ಲಿಯಲ್ಲಿ 'ಪರ್ಡಿಡೊ' ತೇಲ್ತಾ ಇರೋ ಜಾಗದಲ್ಲಿ ನೀರಿನ ಆಳ ಸುಮಾರು 2,450 ಮೀಟರ್. 1,930 ಮೀಟರ್ ಎತ್ತರದ ನಮ್ಮ ಮುಳ್ಳಯ್ಯನಗಿರಿಯನ್ನು ಅಲ್ಲಿ ಇಳಿಸಿದರೂ ತುದಿಯ ಮೇಲೆ ಇನ್ನರ್ಧ ಕಿಲೋಮೀಟರ್ ನೀರು. ಟೆಕ್ಸಾಸ್‌ನ ಗಾಲ್ವೆಸ್ಟನ್‌ನಿಂದ ಸುಮಾರು 320 ಕಿ.ಮೀ. ದಕ್ಷಿಣಕ್ಕಿರುವ, ಶೆಲ್ ಕಂಪನಿ ನಡೆಸುವ ಈ ಸ್ಥಾವರ 2010ರ ಮಾರ್ಚ್ ಕೊನೆಯಲ್ಲಿ ತೈಲ, ಅನಿಲ ತೆಗೆಯೋಕೆ ಶುರುಮಾಡಿತು.

ಇಷ್ಟು ಆಳದಲ್ಲಿ ತಳಕ್ಕೆ ಕಂಬ ಊರಿ ಕಟ್ಟೋಕಾಗಲ್ಲ, ತೇಲಿಸಲೇಬೇಕು. ಪರ್ಡಿಡೊ ನಿಂತಿರೋದು 'ಸ್ಪಾರ್' ಎಂಬ ಉಕ್ಕಿನ ಉರುಳೆಯ ಮೇಲೆ. ಉದ್ದ ಸುಮಾರು 170 ಮೀಟರ್, ಬಹುಪಾಲು ನೀರೊಳಗೆ, ತಳದಲ್ಲಿ ಭಾರ. ಎಷ್ಟು ತಳ್ಳಿದರೂ ಎದ್ದು ಕೂರುವ ತಂಜಾವೂರು ಗೊಂಬೆ ನೆನಪಿದೆಯಾ? ಅದೇ ಲೆಕ್ಕ. ಅತ್ತಿತ್ತ ಹೋಗದ ಹಾಗೆ ಹಿಡಿದಿಡೋದು ಒಂಬತ್ತು ಲಂಗರು ಸಾಲುಗಳು. ಅವುಗಳ ಹೆಚ್ಚಿನ ಭಾಗ ಪಾಲಿಯೆಸ್ಟರ್ ಹಗ್ಗ! ಪೂರ್ತಿ ಉಕ್ಕಿನ ಸರಪಳಿ ಹಾಕಿದ್ರೆ ಅದರ ತೂಕ ಹೊರೋದೇ ದೊಡ್ಡ ಕೆಲಸ. ಶರ್ಟಿನ ಬಟ್ಟೆಗೆ ಬಳಸೋ ವಸ್ತು ಚಂಡಮಾರುತದ ಎದುರು ನಿಲ್ಲುತ್ತೆ ಅನ್ನೋದು ನನಗೆ ಇನ್ನೂ ಮಜಾ ಅನಿಸುತ್ತೆ.

ಆದರೆ ನನ್ನಂಥ ಸಾಫ್ಟ್‌ವೇರಿನವರಿಗೆ ಅಸಲಿ ಕುತೂಹಲ ಇರೋದು ಸಮುದ್ರತಳದಲ್ಲಿ. ಅಲ್ಲಿ ಒತ್ತಡ ಮೇಲಿನದರ ಸುಮಾರು 250 ಪಟ್ಟು, ಉಷ್ಣತೆ 4 ಡಿಗ್ರಿ ಆಸುಪಾಸು. ಮುಳುಗುಗಾರರು ಇಳಿಯೋ ಮಾತೇ ಇಲ್ಲ. ಒಂದು ವಾಲ್ವ್ ಕೈಯಿಂದ ತಿರುಗಿಸಬೇಕು ಅಂದ್ರೂ ಮೇಲಿಂದ ನಡೆಸುವ ರೋಬಾಟೇ ಹೋಗಬೇಕು. ಆ ಚಳಿ, ಒತ್ತಡಕ್ಕೆ ಅನಿಲ ಮತ್ತು ನೀರು ಸೇರಿ 'ಹೈಡ್ರೇಟ್' ಎಂಬ ಮಂಜುಗಡ್ಡೆಯಂಥ ವಸ್ತುವಾಗಿ ಪೈಪ್ ಕಟ್ಟಿಬಿಡುತ್ತೆ. ಅದನ್ನು ತಡೆಯೋಕೆ ಮೆಥನಾಲ್‌ನಂಥ ರಾಸಾಯನಿಕ ಹಾಯಿಸ್ತಾರೆ.

ಇನ್ನೊಂದು ತಲೆನೋವು: ಎಣ್ಣೆ ತಾನಾಗಿ ಅಷ್ಟು ಮೇಲಕ್ಕೆ ಬರುವಷ್ಟು ಒತ್ತಡ ಈ ನಿಕ್ಷೇಪದಲ್ಲಿಲ್ಲ. ಹಾಗಾಗಿ ತಳದಲ್ಲೇ ಅನಿಲ, ದ್ರವ ಬೇರೆ ಮಾಡಿ, ದ್ರವವನ್ನು ವಿದ್ಯುತ್ ಪಂಪಿನಿಂದ ಮೇಲಕ್ಕೆ ತಳ್ಳುತ್ತಾರೆ. ಬೋರ್‌ವೆಲ್‌ಗೆ ಸಬ್‌ಮರ್ಸಿಬಲ್ ಇಳಿಸಿರೋ ಮನೆಯವರಿಗೆ ಇದು ಹೊಸದಲ್ಲ, ಆಳ ಬೇರೆ ಅಷ್ಟೆ.

ಬಾವಿಯ ತಲೆಯ ಮೇಲಿನ ವಾಲ್ವ್‌ಗಳ ಡಿಸೈನ್ ನನಗೆ ಎಲ್ಲಕ್ಕಿಂತ ಇಷ್ಟ. ಅವು ತೆರೆದೇ ಇರೋಕೆ ಹೈಡ್ರಾಲಿಕ್ ಒತ್ತಡ ಬೇಕು. ಒತ್ತಡ ತಪ್ಪಿತೋ, ಸ್ಪ್ರಿಂಗ್ ತಾನೇ ಮುಚ್ಚುತ್ತೆ. ಯಾರ ಅಪ್ರೂವಲ್‌ಗೂ ಕಾಯೋದಿಲ್ಲ.

ಇಷ್ಟೊಂದು ಎಚ್ಚರ ಯಾಕೆ ಅಂತೀರಾ? ಪರ್ಡಿಡೊ ಶುರುವಾಗಿ ಮೂರೇ ವಾರಕ್ಕೆ, ಏಪ್ರಿಲ್ 20ರಂದು, ಅದೇ ಕೊಲ್ಲಿಯಲ್ಲಿ ಬಾವಿ ಕೊರೆಯುತ್ತಿದ್ದ 'ಡೀಪ್‌ವಾಟರ್ ಹೊರೈಜನ್' ರಿಗ್ ಸ್ಫೋಟಿಸಿತು. 11 ಮಂದಿ ತೀರಿಕೊಂಡರು. ಅಲ್ಲಿನ ಆಳ ಸುಮಾರು 1,500 ಮೀಟರ್ ಮಾತ್ರ. ತುರ್ತಿನಲ್ಲಿ ಬಾವಿ ಮುಚ್ಚಬೇಕಿದ್ದ ಬ್ಲೋಔಟ್ ಪ್ರಿವೆಂಟರ್ ಪೂರ್ತಿ ಮುಚ್ಚಲಿಲ್ಲ. 87 ದಿನ ಎಣ್ಣೆ ಸಮುದ್ರಕ್ಕೆ ಸುರೀತಾನೇ ಇತ್ತು.