ಪುಸ್ತಕಾಲಯವೂ ಸಾಮಾಜಿಕ ಜಾಲತಾಣವೂ

ಪುಸ್ತಕಗಳನ್ನು ಕಾಪಾಡುವುದೇ ಪುಸ್ತಕಾಲಯದ ಮುಖ್ಯ ಕಾರ್ಯವೆಂದು ನಾವು ಬಹುಕಾಲ ಭಾವಿಸಿದ್ದೆವು. ಆದರೆ ಡಾಕ್ಟರ್ ಎಸ್. ಆರ್. ರಂಗನಾಥನ್ನರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ವಾಚಕರ ಕಾಲವನ್ನು ಉಳಿಸಬೇಕೆಂಬುದೂ ಒಂದು. ಕೂಡ್ಲಿಗಿ, ಹಡಗಲಿ ಮುಂತಾದ ಕಡೆಗಳಿಂದ ಬಸ್ಸು ಹಿಡಿದು ಬಂದು, ಬೇಕಾದ ಪುಸ್ತಕವು ಬೇರೊಬ್ಬರ ಬಳಿಯಿದೆಯೆಂದು ತಿಳಿದು ಬರಿಗೈಯಲ್ಲಿ ಮರಳುವವರನ್ನು ಕಂಡಾಗಲೆಲ್ಲ ಆ ಸೂತ್ರವು ನಮ್ಮನ್ನು ಚುಚ್ಚುತ್ತಿದ್ದಿತು. ಆದುದರಿಂದ ಫೇಸ್‌ಬುಕ್ಕಿನಲ್ಲಿ ಒಂದು ಪುಟವನ್ನೂ ವಾಟ್ಸ್‌ಆ್ಯಪ್ಪಿನಲ್ಲಿ ವಾಚಕರ ಬಳಗವೊಂದನ್ನೂ ತೆರೆದೆವು.

ಮೊದಮೊದಲು ಹಬ್ಬದ ಶುಭಾಶಯಗಳನ್ನೂ ಸುಭಾಷಿತಗಳನ್ನೂ ಹಾಕಿದೆವು. ಮೆಚ್ಚಿದವರು ಅನೇಕರು, ಪುಸ್ತಕ ಕೇಳಿದವರು ಒಬ್ಬರೂ ಇಲ್ಲ! ಬಳಿಕ ಹಕ್ಕಿಗಳ ಪುಸ್ತಕವೊಂದರ ಚಿತ್ರವನ್ನು ಹಾಕಿ, ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರದ ಕೆರೆಗೆ ಬರುವ ಪಕ್ಷಿಗಳ ವಿವರವು ಇದರಲ್ಲಿದೆಯೆಂದು ಬರೆದೆವು. ಸಂಜೆಯೊಳಗೆ ಮೂವರು ಅದನ್ನು ಕೇಳಿದರು.

ಇನ್ನೊಮ್ಮೆ ಹರಪನಹಳ್ಳಿಯ ಹಳೆಯ ವಿವರಗಳು ಯಾವ ಜಿಲ್ಲೆಯ ಗ್ರಂಥದಲ್ಲಿ ದೊರೆಯುವುವೆಂದು ಒಬ್ಬರು ಕೇಳಿದರು. ಪ್ರಶ್ನೆಯು ಸಣ್ಣದಲ್ಲ. ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವುದು. 1904ರ ಬಳ್ಳಾರಿ ಗೆಜೆಟಿಯರನ್ನು ನೋಡಿರೆಂದು ಉತ್ತರಿಸಿದೆವು. ಕೊಟ್ಟೂರು ಹಿಂದೆ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದುದರಿಂದ, ಅದನ್ನು ಹುಡುಕುವವರು ಅದರಲ್ಲಿ ಕೂಡ್ಲಿಗಿಯ ಭಾಗವನ್ನು ತೆರೆಯಬೇಕೆಂದು ಮತ್ತೊಬ್ಬ ವಾಚಕರು ಸೇರಿಸಿದರು. ಒಬ್ಬರಿಗೆ ಕೊಟ್ಟ ಉತ್ತರವು ಹೀಗೆ ಅನೇಕರಿಗೆ ದೊರೆಯಿತು.

ನಮ್ಮ ತಪ್ಪನ್ನೂ ಹೇಳಬೇಕು. ಪುಸ್ತಕ ಹಿಡಿದ ಬಾಲಕಿಯೊಬ್ಬಳ ಚಿತ್ರವನ್ನು ಹೆಸರುಸಹಿತ ಪ್ರಕಟಿಸಿದೆವು. ಮರುದಿನ ಅವಳ ತಾಯಿ ಬಂದು, ಕೇಳದೆ ಏಕೆ ಹಾಕಿದಿರೆಂದರು. ಒಡನೆ ಅಳಿಸಿದೆವು, ಆದರೆ ಅಷ್ಟರಲ್ಲಿ ಅದನ್ನು ಎಷ್ಟು ಮಂದಿ ತೆಗೆದಿರಿಸಿಕೊಂಡರೋ! ಆಗಲೇ ಇನ್ನೊಂದು ಸಂಗತಿಯೂ ಹೊಳೆಯಿತು. ಬಳಗದಲ್ಲಿರುವವರಿಗೆಲ್ಲ ಪರಸ್ಪರರ ದೂರವಾಣಿ ಸಂಖ್ಯೆಗಳು ಕಾಣುತ್ತವೆ. ಹೆಣ್ಣುಮಕ್ಕಳ ಸಂಖ್ಯೆಗಳು ಅಪರಿಚಿತರ ಕೈಸೇರುವುದಕ್ಕೆ ನಾವೇ ದಾರಿಮಾಡಿದಂತಾಗಿದ್ದಿತು. 2023ರಲ್ಲಿ ಬಂದ ವಾಟ್ಸ್‌ಆ್ಯಪ್ ಚಾನೆಲ್ಲಿನಲ್ಲಿ ಅನುಸರಿಸುವವರ ಸಂಖ್ಯೆಗಳು ಒಬ್ಬರಿಗೊಬ್ಬರಿಗೆ ಕಾಣವು. ಆದುದರಿಂದ ಹೊಸ ಪುಸ್ತಕಗಳ ವಾರ್ತೆಯನ್ನು ಅಲ್ಲಿಗೆ ಸಾಗಿಸಿದೆವು. ಯಾರು ಯಾವ ಪುಸ್ತಕವನ್ನು ಒಯ್ದರೆಂಬುದನ್ನು ಎಲ್ಲಿಯೂ ತಿಳಿಸುವುದಿಲ್ಲ.

ಇಷ್ಟಾದರೂ, ಅನೇಕ ಮನೆಗಳಲ್ಲಿ ಇರುವ ಒಂದೇ ಫೋನು ತಂದೆಯ ಅಥವಾ ಅಣ್ಣನ ಜೇಬಿನಲ್ಲಿರುವುದು. ಅದಕ್ಕಾಗಿ ಅದೇ ಪಟ್ಟಿಯನ್ನು ಪ್ರತಿ ಸೋಮವಾರ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತೇವೆ. ಶಾಲೆ ಬಿಟ್ಟ ಮೇಲೆ ಹುಡುಗಿಯರು ಅಲ್ಲಿ ನಿಂತು, ಬೇಕಾದ ಹೆಸರುಗಳನ್ನು ಅಂಗೈಯ ಮೇಲೆ ಬರೆದುಕೊಂಡು ಒಳಗೆ ಬರುತ್ತಾರೆ.