ಮೊಸರು ಹುಳಿಯಾದಾಗಲೇ ಹೇಳಬೇಕಿತ್ತು!

‘ಅಮ್ಮಾ, ಈ ಸಲ ನೀವಿಬ್ಬರೂ ಬಂದಾಗ ಮೋಟಾರ್‌ಹೋಮ್‌ನಲ್ಲಿ ಟ್ರಿಪ್ ಹೋಗೋಣ’ ಅಂತ ಅಮೆರಿಕದಲ್ಲಿರುವ ಮಗಳು ಫೋನ್‌ನಲ್ಲಿ ಆಸೆ ಹುಟ್ಟಿಸಿದ್ದಾಳಾ? ನೀವೂ ಹಪ್ಪಳ, ಸಾರಿನಪುಡಿ ಕಟ್ಟಿಡೋಕೆ ಶುರು ಮಾಡಿದ್ದೀರಾ? ಹಾಗಾದರೆ ಒಂದು ನಿಮಿಷ ಕೂತು ನನ್ನ ಅನುಭವ ಕೇಳಿ.

ಮೋಟಾರ್‌ಹೋಮ್ ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಗ್ಯಾಸ್ ಒಲೆ, ಫ್ರಿಜ್, ಸಿಂಕು, ಹಾಸಿಗೆ, ಟಾಯ್ಲೆಟ್ ಎಲ್ಲಾ ಉಂಟು. ಅಳಿಯ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದನ್ನು ಕೊಂಡಿದ್ದ. ಏಪ್ರಿಲ್ ತಿಂಗಳಲ್ಲಿ ನಾವು ಐದು ಜನ ಹೊರಟದ್ದು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾಕ್ಕೆ. ಸಾನ್ ಡಿಯಾಗೊ ಬಳಿ ಗಡಿ ದಾಟಿದರೆ ದಕ್ಷಿಣಕ್ಕೆ ಬೆರಳಿನಂತೆ ಚಾಚಿಕೊಂಡ ನೆಲ ಅದು. ಒಂದು ಪಕ್ಕ ಪೆಸಿಫಿಕ್ ಸಾಗರ, ಇನ್ನೊಂದು ಪಕ್ಕ ಕೊರ್ಟೆಜ್ ಸಮುದ್ರ, ನಡುವೆ ಮರದೆತ್ತರದ ಕಳ್ಳಿಗಳ ಮರುಭೂಮಿ. 1973ರಲ್ಲಿ ಪೂರ್ತಿಯಾದ ಸುಮಾರು 1,700 ಕಿ.ಮೀ. ಉದ್ದದ ಹೆದ್ದಾರಿ ತುದಿಯಿಂದ ತುದಿಗೆ ಹೋಗುತ್ತದೆ.

ಮೊದಲ ದಿನವೇ ಅವಾಂತರ. ರಸ್ತೆ ಉಬ್ಬು ಹಾರಿದ ರಭಸಕ್ಕೆ ಫ್ರಿಜ್ ಬಾಗಿಲು ತೆರೆದು ಹುಳಿ ಪಾತ್ರೆ ನೆಲದ ಮೇಲೆ! ಎರಡನೇ ದಿನ ನೀರು ಖಾಲಿ. ತಪ್ಪು ನನ್ನದೇ. ನಲ್ಲಿ ಬಿಟ್ಟುಕೊಂಡೇ ಪಾತ್ರೆ ತೊಳೆಯೋ ಅಭ್ಯಾಸ ನೋಡಿ. ಅಲ್ಲಿನ ಊರುಗಳಲ್ಲಿ ನಮ್ಮ ಬೆಂಗಳೂರಿನ ಹಾಗೇ ಕ್ಯಾನ್‌ನಲ್ಲಿ ಶುದ್ಧ ನೀರು ಸಿಗುತ್ತದೆ, ನಿಜ. ಆದರೆ ಊರು ಸಿಗಬೇಕಲ್ಲ!

ಇವನ್ನೆಲ್ಲ ನಕ್ಕು ಮರೆಯಬಹುದಿತ್ತು. ನಗು ನಿಂತದ್ದು ಕಾನ್ಸೆಪ್ಸಿಯಾನ್ ಕೊಲ್ಲಿಯಲ್ಲಿ.

ಅಲ್ಲಿ ಎಲ್ ರೆಕೆಸಾನ್ ಎಂಬ ಕಡಲತೀರವಿದೆ. ನೀರು ಇಳಿದಾಗ ಎದುರಿನ ದ್ವೀಪಕ್ಕೆ ಮರಳ ದಾರಿಯೊಂದು ತೆರೆದುಕೊಳ್ಳುತ್ತದೆ. ನೀಲಿ ನೀರು ನೋಡಿ ಮೈಮರೆತ ಅಳಿಯ ಗಾಡಿಯನ್ನು ಇನ್ನಷ್ಟು ಮುಂದೆ ಬಿಟ್ಟ. ಹಿಂದಿನ ಒಂದು ಚಕ್ರ ಮರಳಲ್ಲಿ ಹೂತಿತು. ಗಾಡಿ ಒಂದು ಕಡೆಗೆ ವಾಲಿತು. ‘ಬೆಳಿಗ್ಗೆ ನೋಡೋಣ ಬಿಡಿ ಅತ್ತೆ’ ಅಂದ. ವಾಲಿಕೊಂಡೇ ಮಲಗಿದೆವು.

ಬೆಳಿಗ್ಗೆ ಮೊಸರನ್ನ ಕಲೆಸೋಕೆ ಮೊಸರು ತೆಗೆದರೆ ಹುಳಿ ನಾತ. ಫ್ರಿಜ್ ಒಳಗೆ ಕೈಯಿಟ್ಟೆ, ತಣ್ಣಗಿರಲಿಲ್ಲ. ಅದರ ಬಾಗಿಲಲ್ಲೇ ನಮ್ಮ ಮನೆಯವರ ಇನ್ಸುಲಿನ್ ಪೆನ್‌ಗಳಿದ್ದವು. ಹೇಳಬೇಕು ಅನ್ನಿಸಿತು. ಆದರೆ ಮೊಮ್ಮಗ ಆಗಲೇ ನೀರಿನಲ್ಲಿ ಕುಣಿಯುತ್ತಿದ್ದ. ಎಲ್ಲರ ಖುಷಿ ಯಾಕೆ ಕೆಡಿಸೋದು ಅಂತ ಸುಮ್ಮನಾದೆ. ನಾವು ಹೆಂಗಸರು ಹೀಗೆ ಎಷ್ಟು ಸಲ ಸುಮ್ಮನಾಗಿಲ್ಲ, ಹೇಳಿ?

ಗಾಡಿಗೆ ಬೀಗ ಹಾಕಿ ಎಲ್ಲರೂ ನೀರಿಗಿಳಿದೆವು. ಮಧ್ಯಾಹ್ನ ಬಂದು ಬಾಗಿಲು ತೆಗೆದರೆ ಒಳಗೆ ಕಾದ ಹಂಚು. ಪೆನ್ ಮುಟ್ಟಿದರೆ ಬಿಸಿ. ‘ಬೆಳಿಗ್ಗೇನೇ ಯಾಕಮ್ಮ ಹೇಳಲಿಲ್ಲ?’ ಅಂದಳು ಮಗಳು. ನನ್ನ ಬಳಿ ಉತ್ತರವಿರಲಿಲ್ಲ. ಇವರ ಕೈಚೀಲದಲ್ಲಿದ್ದ ಬಳಕೆಯ ಪೆನ್‌ನಲ್ಲಿ ಉಳಿದದ್ದು ಒಂದು ದಿನಕ್ಕಾಗುವಷ್ಟು ಮಾತ್ರ. ಫೋನ್‌ಗೆ ಸಿಗ್ನಲ್ ಇಲ್ಲ.

ಪಕ್ಕದಲ್ಲಿ ಬಿಡಾರ ಹೂಡಿದ್ದ ಕೆನಡಾದ ವಯಸ್ಸಾದ ದಂಪತಿ ಸಲಿಕೆ, ಹಲಗೆ ಹಿಡಿದು ಓಡಿಬಂದರು. ಟೈರಿನ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಮುಂದಿನ ಮರಳು ತೆಗೆದು, ಹಲಗೆ ಕೊಟ್ಟು ಗಾಡಿ ಎಬ್ಬಿಸಿದರು. ಫ್ರಿಜ್ ಗುಟ್ಟು ಹೇಳಿದ್ದೂ ಅವರೇ. ಗ್ಯಾಸ್‌ನಲ್ಲಿ ನಡೆಯುವ ಈ ಫ್ರಿಜ್ ಒಳಗೆ ದ್ರವ ತಾನಾಗಿ ಕೆಳಗಿಳಿಯಬೇಕು. ಗಾಡಿ ವಾಲಿದರೆ ಅದು ನಿಂತುಬಿಡುತ್ತದೆ, ತಂಪೂ ನಿಲ್ಲುತ್ತದೆ.

ಬಳಕೆಯ ಪೆನ್ನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಒದ್ದೆ ಕಾಟನ್ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡೇ ಕೂತೆ. ಮಣ್ಣಿನ ಹೂಜಿ ನೀರು ತಣ್ಣಗಿಡುತ್ತದಲ್ಲ, ಅದೇ ಉಪಾಯ. ಕತ್ತಲಾಗುವ ಮೊದಲು ಲೊರೆಟೊ ಊರು ತಲುಪಿ, ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ತೋರಿಸಿ ಹೊಸ ಇನ್ಸುಲಿನ್ ಕೊಂಡಾಗಲೇ ಉಸಿರು ಬಂತು. ಕಾದ ಇನ್ಸುಲಿನ್ ಶಕ್ತಿ ಕಳೆದುಕೊಂಡಿದೆಯೋ ಇಲ್ಲವೋ ಎಷ್ಟೋ ಸಲ ಕಣ್ಣಿಗೆ ಕಾಣೋದೇ ಇಲ್ಲ. ಆ ಜೂಜು ಬೇಡ.

ನೀವು ಹೊರಡೋದಾದರೆ ಇವನ್ನು ಮರೆಯಬೇಡಿ:

* ಗಾಡಿ ನಿಲ್ಲಿಸಿದ ಕೂಡಲೇ ಅಡುಗೆ ಕಟ್ಟೆ ಮೇಲೆ ಅಗಲ ತಟ್ಟೆಯಲ್ಲಿ ನೀರಿಡಿ. ನೀರು ಒಂದು ಕಡೆ ಸರಿದರೆ ಜಾಗ ಬದಲಾಯಿಸಿ.
* ಫ್ರಿಜ್‌ನಲ್ಲಿ ಚಿಕ್ಕ ಥರ್ಮಾಮೀಟರ್ ಇರಲಿ. ಇನ್ಸುಲಿನ್ ಮಂಜುಗಡ್ಡೆಗೆ ತಾಗಬಾರದು, ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಔಷಧಿಯನ್ನು ಎರಡು ಕಡೆ ಹಂಚಿಡಿ, ಚೀಟಿ ಜೊತೆಗಿರಲಿ.
* ಮರಳಿಗೆ ಗಾಡಿ ಇಳಿಸುವ ಮೊದಲು ಯಾರಾದರೂ ನಡೆದು ನೋಡಲಿ. ಹೂತರೆ ಆಕ್ಸಿಲರೇಟರ್ ಒತ್ತುತ್ತಲೇ ಇರಬಾರದು, ಇನ್ನೂ ಆಳಕ್ಕಿಳಿಯುತ್ತದೆ. ಸಲಿಕೆ, ಹಲಗೆ, ಗಾಳಿ ತುಂಬುವ ಪಂಪ್ ಬೇಕೇ ಬೇಕು.
* ಎಲ್ ರೊಸಾರಿಯೊ ದಾಟಿದ ಮೇಲೆ ಸುಮಾರು 300 ಕಿ.ಮೀ. ಪೆಟ್ರೋಲ್ ಬಂಕ್ ನಂಬುವಂತಿಲ್ಲ. ಟ್ಯಾಂಕ್ ತುಂಬಿಸಿಯೇ ಹೊರಡಿ.
* ರಾತ್ರಿ ಗಾಡಿ ಓಡಿಸೋದು ಬೇಡ. ರಸ್ತೆ ಕಿರಿದು, ದನಗಳು ಅಡ್ಡ ಬರುತ್ತವೆ.
* ಅಮೆರಿಕದ ವಾಹನ ವಿಮೆ ಅಲ್ಲಿ ನಡೆಯೋದಿಲ್ಲ, ಮೆಕ್ಸಿಕೊ ವಿಮೆ ಬೇರೆ ಮಾಡಿಸಿ. ಗಾಡಿ ಬಾಡಿಗೆಯದಾದರೆ ಗಡಿ ದಾಟಲು ಒಪ್ಪಿಗೆ ಇದೆಯಾ ಕೇಳಿ. ನಿಮ್ಮ ಅಮೆರಿಕ ವೀಸಾದಲ್ಲಿ ಮತ್ತೆ ಒಳಗೆ ಬರಲು ಅವಕಾಶವಿದೆಯಾ ನೋಡಿಕೊಳ್ಳಿ.
* ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ‘ಹಸಿರು ದೇವತೆಗಳು’ ಎಂಬ ಸರ್ಕಾರಿ ನೆರವಿನ ಪಡೆ ಇದೆ. ಫೋನ್ ಸಿಕ್ಕರೆ 078ಕ್ಕೆ ಕರೆ ಮಾಡಿ.

ಕೊನೆಗೊಂದು ಮಾತು. ಹಾಲು, ಮೊಸರು, ನೀರು, ಔಷಧಿ, ಇವುಗಳಲ್ಲಿ ಏನು ಹೆಚ್ಚುಕಡಿಮೆಯಾದರೂ ಮೊದಲು ಗೊತ್ತಾಗೋದು ನಮಗೇ. ಗೊತ್ತಾದ ಆ ಗಳಿಗೆಯಲ್ಲೇ ಹೇಳಿಬಿಡಿ. ಒಂದು ಗಂಟೆ ಆಟ ನಿಂತರೆ ಮೊಮ್ಮಗ ಮುನಿಸಿಕೊಂಡಾನು, ಸಂಜೆಗೆ ಮರೆತಾನು. ಆ ಮಧ್ಯಾಹ್ನದ ದಿಗಿಲು ಮಾತ್ರ ನನಗಿನ್ನೂ ಮರೆತಿಲ್ಲ.

ಹೋಗಿ ಬನ್ನಿ. ಹಪ್ಪಳ ಮರೆತರೂ ಪರವಾಗಿಲ್ಲ, ಬಾಯಿಬಿಟ್ಟು ಹೇಳೋದನ್ನು ಮರೀಬೇಡಿ!