ಫ್ರೀಬಿಎಸ್‌ಡಿ ಕನಿಷ್ಠ ಅನುಸ್ಥಾಪನೆ

ಫ್ರೀಬಿಎಸ್‌ಡಿ ಕನಿಷ್ಠ ಅನುಸ್ಥಾಪನೆ ಎಂದರೆ ಫ್ರೀಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಅತ್ಯಗತ್ಯ ಭಾಗಗಳನ್ನು ಮಾತ್ರ ಗಣಕದಲ್ಲಿ ಸ್ಥಾಪಿಸಿ, ಅದನ್ನು ಸರ್ವರ್ ಆಗಿ ಸಜ್ಜುಗೊಳಿಸುವ ಕ್ರಮ. ಚಿತ್ರಾತ್ಮಕ ಪರದೆ, ಕಚೇರಿ ತಂತ್ರಾಂಶ ಮೊದಲಾದವು ಇದರಲ್ಲಿ ಇರುವುದಿಲ್ಲ. ತಂತ್ರಾಂಶಗಳು ಕಡಿಮೆಯಾದಷ್ಟೂ ದೋಷಗಳಿಗೂ ಅತಿಕ್ರಮಣಕ್ಕೂ ಅವಕಾಶ ಕಡಿಮೆ ಎಂಬುದು ಇದರ ಹಿಂದಿನ ತತ್ತ್ವ.

ಹಿನ್ನೆಲೆ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಯುನಿಕ್ಸ್ ಪರಂಪರೆಗೆ ಸೇರಿದ ಫ್ರೀಬಿಎಸ್‌ಡಿಯ ಮೊದಲ ಆವೃತ್ತಿ 1993ರಲ್ಲಿ ಬಿಡುಗಡೆಯಾಯಿತು. ಲಿನಕ್ಸ್ ಮೂಲತಃ ಕರ್ನೆಲ್ ಮಾತ್ರ. ಉಳಿದ ಸಾಧನಗಳನ್ನು ವಿತರಕರು ಬೇರೆ ಬೇರೆ ಯೋಜನೆಗಳಿಂದ ತಂದು ಸೇರಿಸುತ್ತಾರೆ. ಫ್ರೀಬಿಎಸ್‌ಡಿಯಲ್ಲಾದರೋ ಕರ್ನೆಲ್ ಮತ್ತು ಅಗತ್ಯ ಸಾಧನಗಳನ್ನು ಒಂದೇ ಯೋಜನೆಯು ಜೊತೆಯಾಗಿ ರೂಪಿಸುತ್ತದೆ. ಇವೆರಡರ ಒಟ್ಟು ರೂಪಕ್ಕೆ ಮೂಲ ವ್ಯವಸ್ಥೆ ಎಂದು ಹೆಸರು. ಆದ್ದರಿಂದ ಕನಿಷ್ಠ ಅನುಸ್ಥಾಪನೆಯೂ ತನ್ನಷ್ಟಕ್ಕೆ ಪೂರ್ಣವಾದ ವ್ಯವಸ್ಥೆಯೇ ಆಗಿರುತ್ತದೆ.

ಅನುಸ್ಥಾಪನೆಯ ಕ್ರಮ

2012ರಲ್ಲಿ ಬಂದ 9.0 ಆವೃತ್ತಿಯಿಂದ ಬಿಎಸ್‌ಡಿಇನ್‌ಸ್ಟಾಲ್ ಎಂಬ ಸಾಧನ ಬಳಕೆಯಲ್ಲಿದೆ. ಇದು ಒಂದೊಂದೇ ಪ್ರಶ್ನೆ ಕೇಳುತ್ತ ಸಾಗುತ್ತದೆ. ಆಕರ ಸಂಕೇತ, ಪರೀಕ್ಷಾ ಕಡತಗಳು, 32 ಬಿಟ್ ಗ್ರಂಥಾಲಯಗಳು ಮುಂತಾದ ಐಚ್ಛಿಕ ಭಾಗಗಳನ್ನು ಇಲ್ಲಿ ಕೈಬಿಡಬಹುದು. ಡಿಸ್ಕ್‌ಗೆ ಯುಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಆಯ್ದುಕೊಳ್ಳಲಾಗುತ್ತದೆ. ಝಡ್‌ಎಫ್‌ಎಸ್ ಮೂಲಕ ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶವನ್ನು ಇರಿಸಿದರೆ, ಒಂದು ಕೆಟ್ಟರೂ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಸೇವೆಗಳ ಪಟ್ಟಿಯಲ್ಲಿ ದೂರದಿಂದ ಪ್ರವೇಶಿಸಲು ಎಸ್‌ಎಸ್‌ಎಚ್ ಹಾಗೂ ಗಡಿಯಾರವನ್ನು ಸರಿಯಾಗಿಡಲು ಎನ್‌ಟಿಪಿ ಸಾಮಾನ್ಯವಾಗಿ ಸಾಕು.

ಗಮನಿಸಬೇಕಾದ ಅಂಶಗಳು

ರೂಟ್ ಎಂಬ ಪರಮಾಧಿಕಾರದ ಖಾತೆಗೆ ಎಸ್‌ಎಸ್‌ಎಚ್ ಮೂಲಕ ನೇರ ಪ್ರವೇಶವು ಪೂರ್ವನಿಯೋಜಿತವಾಗಿ ನಿಷಿದ್ಧ. ಹಾಗಾಗಿ ಸಾಮಾನ್ಯ ಖಾತೆಯೊಂದನ್ನು ತೆರೆದು, ಅದನ್ನು ವ್ಹೀಲ್ ಗುಂಪಿಗೆ ಸೇರಿಸಬೇಕು. ಎಸ್‌ಯು ಆದೇಶದಿಂದ ರೂಟ್ ಅಧಿಕಾರ ಪಡೆಯಲು ಈ ಗುಂಪಿನವರಿಗೆ ಮಾತ್ರ ಸಾಧ್ಯ. ಇದನ್ನು ಮರೆತರೆ ದೂರದ ದತ್ತಾಂಶ ಕೇಂದ್ರದಲ್ಲಿರುವ ಸರ್ವರ್‌ನೊಳಗೆ ಹೋಗಬಹುದೇ ಹೊರತು ಅದನ್ನು ನಿರ್ವಹಿಸಲಾಗದು. ಪಿಎಫ್ ಎಂಬ ಅಗ್ನಿಗೋಡೆಯು ವ್ಯವಸ್ಥೆಯಲ್ಲಿದ್ದರೂ ತಾನಾಗಿ ಚಾಲನೆಗೊಳ್ಳುವುದಿಲ್ಲ. ಅದನ್ನು ಆರಂಭಿಸುವ ಮುನ್ನ ಎಸ್‌ಎಸ್‌ಎಚ್‌ಗೆ ಅನುಮತಿ ನೀಡುವ ನಿಯಮವನ್ನು ಬರೆಯದಿದ್ದರೆ ನಿರ್ವಾಹಕರೇ ಹೊರಗುಳಿಯಬಹುದು.

ನಿರ್ವಹಣೆ

ಸಾಂಪ್ರದಾಯಿಕ ಕ್ರಮದಲ್ಲಿ ಸ್ಥಾಪಿಸಿದ ಮೂಲ ವ್ಯವಸ್ಥೆಯನ್ನು ಫ್ರೀಬಿಎಸ್‌ಡಿ-ಅಪ್‌ಡೇಟ್ ಆದೇಶದಿಂದ ಪರಿಷ್ಕರಿಸಲಾಗುತ್ತದೆ. ವೆಬ್ ಸರ್ವರ್‌ನಂತಹ ಹೆಚ್ಚುವರಿ ತಂತ್ರಾಂಶಗಳನ್ನು ಪಿಕೆಜಿ ಸಾಧನದಿಂದ ಸೇರಿಸಲಾಗುತ್ತದೆ. ಇವು ಯುಎಸ್‌ಆರ್/ಲೋಕಲ್ ಕಡತಕೋಶದಲ್ಲಿ ಪ್ರತ್ಯೇಕವಾಗಿ ಉಳಿಯುವುದರಿಂದ, ಇವನ್ನು ತೆಗೆದರೂ ಮೂಲ ವ್ಯವಸ್ಥೆಗೆ ಧಕ್ಕೆಯಾಗುವುದಿಲ್ಲ. ಪ್ರತಿಯೊಂದು ಆವೃತ್ತಿಗೂ ಭದ್ರತಾ ಬೆಂಬಲವು ನಿರ್ದಿಷ್ಟ ಅವಧಿಗೆ ಸೀಮಿತವಾಗಿದ್ದು, ಅದು ಮುಗಿಯುವ ಮುನ್ನವೇ ಮುಂದಿನ ಆವೃತ್ತಿಗೆ ಬದಲಾಗುವುದು ಅಗತ್ಯ.